ಲೋಳೆಯ ಪೊರೆಯೂ ತರುಣ ಸಂಶೋಧಕರ ಕಾರ್ಯವೂ

ಹಾಸನ ಜಿಲ್ಲೆಯ ಬೇಲೂರು ತಾಲ್ಲೂಕಿಗೆ ಸೇರಿದ ಬಿಕ್ಕೋಡು ಹೋಬಳಿಯು ಮಲೆನಾಡಿನ ಅಂಚಿನಲ್ಲಿರುವ ಪ್ರಾಂತ. ಕಾಫಿ, ಮೆಣಸು, ಬತ್ತ ಇವುಗಳ ಜೊತೆಗೆ ಹಾಲಿನ ಉತ್ಪನ್ನವೂ ಇಲ್ಲಿನ ಅನೇಕ ಸಂಸಾರಗಳಿಗೆ ಆಧಾರವಾಗಿರುತ್ತದೆ. ಮುಂಗಾರು ಹಿಡಿದ ಮೇಲೆ ಇಲ್ಲಿ ತೇವವಿಲ್ಲದ ಸ್ಥಳವೇ ಅಪರೂಪ. ಆ ಕಾಲದಲ್ಲಿ ದನಗಳು ನೀರು ಕುಡಿಯುವ ತೊಟ್ಟಿಯ ಒಳಗೋಡೆಯನ್ನಾಗಲಿ, ಕುಡಿಯುವ ನೀರಿನ ಟ್ಯಾಂಕಿನ ತಳವನ್ನಾಗಲಿ, ಹಾಲಿನ ಕ್ಯಾನಿನ ಮುಚ್ಚಳಕ್ಕಿರುವ ರಬ್ಬರು ಬಳೆಯನ್ನಾಗಲಿ ಬೆರಳಿನಿಂದ ಮುಟ್ಟಿ ನೋಡಿದರೆ, ಜಾರುವಂಥ ತೆಳುವಾದ ಲೋಳೆಯೊಂದು ಕೈಗೆ ತಗಲುವುದು. ಇದನ್ನು ಪಾಚಿಯೆಂದೋ ಜಿಡ್ಡೆಂದೋ ಕರೆದು ಸುಮ್ಮನಾಗುವುದು ವಾಡಿಕೆ. ಆದರೆ ಹಾಲು ಹುಳಿಯುವುದಕ್ಕೂ, ದನಗಳ ಕೆಚ್ಚಲು ಬಾವು ಪದೇಪದೇ ಮರುಕಳಿಸುವುದಕ್ಕೂ, ಶುದ್ಧಿಮಾಡಿದ ನೀರು ಮತ್ತೆ ಕೆಡುವುದಕ್ಕೂ ಈ ಲೋಳೆಯೇ ಅನೇಕ ವೇಳೆ ಮೂಲವಾಗಿರುತ್ತದೆ. ವಿಜ್ಞಾನಿಗಳು ಇದಕ್ಕೆ ಬಯೋಫಿಲ್ಮ್, ಅಂದರೆ ಜೈವಿಕ ಪೊರೆ, ಎಂದು ಹೆಸರಿಟ್ಟಿದ್ದಾರೆ. ಇದು ಹೇಗೆ ಹುಟ್ಟುತ್ತದೆ, ಇದು ಅಂಟಿಕೊಳ್ಳಲಾರದಂಥ ಮೇಲ್ಮೈಗಳನ್ನು ಹೇಗೆ ನಿರ್ಮಿಸಬಹುದು ಎಂಬ ವಿಷಯದಲ್ಲಿ ಬೆಂಗಳೂರಿನ ಪ್ರಯೋಗಶಾಲೆಗಳಲ್ಲಿ ತರುಣ ಸಂಶೋಧಕರು ಬಹಳ ಶ್ರಮಪಟ್ಟು ಕೆಲಸಮಾಡುತ್ತಿದ್ದಾರೆ. ಅವರ ಕಾರ್ಯದ ಫಲವೇನು, ಅದರಿಂದ ಗ್ರಾಮಸ್ಥರು ಇಂದೇ ಪಡೆಯಬಹುದಾದ ಪ್ರಯೋಜನವೇನು ಎಂಬುದು ಗ್ರಾಮದ ಮುಖಂಡರೂ ಜಮೀನುದಾರರೂ ತಿಳಿದುಕೊಳ್ಳತಕ್ಕ ವಿಷಯವಾಗಿದೆ.

ಪೊರೆಯ ಸ್ವರೂಪ

ಬ್ಯಾಕ್ಟೀರಿಯಾಗಳೆಂಬ ಸೂಕ್ಷ್ಮಜೀವಿಗಳು ಸಾಮಾನ್ಯವಾಗಿ ಒಂದು ಮಿಲಿಮೀಟರಿನ ಸಾವಿರದಲ್ಲೊಂದು ಪಾಲಿನಷ್ಟು ಗಾತ್ರವುಳ್ಳವು. ಇವು ನೀರಿನಲ್ಲಿ ಒಂಟೊಂಟಿಯಾಗಿ ತೇಲಾಡುತ್ತಿರುವಾಗ ದುರ್ಬಲವಾದುವು. ಕಾಯಿಸಿದರೆ ಸಾಯುವುವು, ಔಷಧ ಹಾಕಿದರೆ ನಾಶವಾಗುವುವು. ಆದರೆ ತೇವವಾದ ಗೋಡೆ, ಲೋಹ, ರಬ್ಬರು, ಪ್ಲಾಸ್ಟಿಕ್ಕು, ಹಲ್ಲು, ಕೆಚ್ಚಲಿನ ಒಳಪದರ, ಯಾವುದಾದರೊಂದು ಆಶ್ರಯ ದೊರೆತೊಡನೆ ಅವು ಅಲ್ಲಿ ಅಂಟಿಕೊಂಡು, ಕೆಲವು ಗಂಟೆಗಳೊಳಗಾಗಿ ತಮ್ಮ ಸುತ್ತ ಅಂಟಿನಂಥ ದ್ರವ್ಯವನ್ನು ಸ್ರವಿಸಲು ತೊಡಗುವುವು. ಈ ಅಂಟೇ ಅವುಗಳಿಗೆ ಕೋಟೆ. ಅದರೊಳಗೆ ನಾನಾ ಜಾತಿಯ ಜೀವಿಗಳು ಕೂಡಿ ಬಾಳುವುವು. ಆಹಾರವೂ ನೀರೂ ಸಣ್ಣ ಸಣ್ಣ ಕಾಲುವೆಗಳ ಮೂಲಕ ಅವುಗಳಿಗೆ ಒದಗುವುವು. ಪೊರೆಯು ಬಲಿತ ಮೇಲೆ ಅದರಿಂದ ಕೆಲವು ಜೀವಿಗಳು ಕಳಚಿ ನೀರಿಗೆ ಅಥವಾ ಹಾಲಿಗೆ ಬಿದ್ದು, ಬೇರೊಂದು ನೆಲೆಯನ್ನು ಹುಡುಕಿಕೊಂಡು ಹೋಗುವುವು.

ಇಂಥ ಪಾತ್ರೆಯಲ್ಲಿ ಹಾಲನ್ನು ಕರೆದರೆ ಆಗುವ ಹಾನಿಯನ್ನು ಲೆಕ್ಕಹಾಕುವುದು ಕಷ್ಟವಲ್ಲ. ಬೆಚ್ಚನೆಯ ಹಾಲಿನಲ್ಲಿ ಒಂದು ಬ್ಯಾಕ್ಟೀರಿಯಾ 20 ನಿಮಿಷಕ್ಕೊಮ್ಮೆ ಇಮ್ಮಡಿಯಾಗುವುದೆಂದು ಇಟ್ಟುಕೊಂಡರೆ, 7 ಗಂಟೆಗಳಲ್ಲಿ ಅದೊಂದರಿಂದಲೇ 20 ಲಕ್ಷಕ್ಕೂ ಹೆಚ್ಚು ಹುಟ್ಟಿಕೊಳ್ಳುವುವು. ಸಹಕಾರ ಸಂಘದಲ್ಲಿ ಎಲ್ಲರ ಹಾಲೂ ಒಂದೇ ಕ್ಯಾನಿಗೆ ಬೀಳುವುದರಿಂದ, ಒಂದು ಮನೆಯ ಕೊಳಕು ಪಾತ್ರೆಯು ಇಡೀ ಊರಿನ ಹಾಲನ್ನು ಕೆಡಿಸಬಲ್ಲುದು. ಆದಕಾರಣ ಇದು ಒಂದು ಮನೆಯ ಸಂಗತಿಯಲ್ಲ, ಗ್ರಾಮದ ಸಂಗತಿ.

ಔಷಧವು ಸೋಲುವುದೇಕೆ

ಪೊರೆಯೊಳಗಿನ ಜೀವಿಗಳು ಔಷಧಕ್ಕೆ ಬಗ್ಗುವುದಿಲ್ಲವೆಂಬುದು ಹೊಸ ಸಂಗತಿಯೇನೂ ಅಲ್ಲ. ಹಾಲೆಂಡಿನ ಡೆಲ್ಫ್ಟ್ ನಗರದಲ್ಲಿ ಬಟ್ಟೆಯ ವ್ಯಾಪಾರಿಯಾಗಿದ್ದ ಆಂಟೊನಿ ವಾನ್ ಲೇವನ್‌ಹುಕ್ ಎಂಬಾತನು ತಾನೇ ಉಜ್ಜಿ ತಯಾರಿಸಿದ ಮಸೂರಗಳಿಂದ 1683-84ರ ಸುಮಾರಿನಲ್ಲಿ ಹಲ್ಲಿನ ಕಿಟ್ಟವನ್ನು ಪರೀಕ್ಷಿಸಿ, ಅದರಲ್ಲಿ ಓಡಾಡುವ ಸೂಕ್ಷ್ಮಜೀವಿಗಳನ್ನು ಕಂಡನು. ಕಿಟ್ಟಕ್ಕೆ ಹುಳಿಕಾಡಿಯನ್ನು ಹಾಕಿದಾಗ ಹೊರಮೈಯಲ್ಲಿದ್ದ ಜೀವಿಗಳು ಮಾತ್ರ ಸತ್ತು, ಒಳಗಿನವು ಉಳಿದುಕೊಂಡವೆಂಬುದನ್ನೂ ಅವನು ಗಮನಿಸಿ ಬರೆದಿಟ್ಟನು. ಆ ಮಾತಿನ ಪೂರ್ಣಾರ್ಥವು ತಿಳಿಯಲು ಮೂರು ಶತಮಾನಗಳು ಬೇಕಾದುವು. 1978ರಲ್ಲಿ ಕೆನಡಾ ದೇಶದ ವಿಜ್ಞಾನಿ ವಿಲಿಯಂ ಕಾಸ್ಟರ್ಟನ್ ಮತ್ತು ಅವರ ಸಹೋದ್ಯೋಗಿಗಳು, ಪ್ರಕೃತಿಯಲ್ಲಿ ಬ್ಯಾಕ್ಟೀರಿಯಾಗಳು ಬಹುಮಟ್ಟಿಗೆ ತೇಲಾಡುವುದಕ್ಕಿಂತ ಅಂಟಿಕೊಂಡೇ ಬಾಳುತ್ತವೆಂದು ಪ್ರತಿಪಾದಿಸಿದ ಮೇಲೆ ಈ ಶಾಸ್ತ್ರವು ಬೆಳೆಯತೊಡಗಿತು. ಪೊರೆಯೊಳಗಿನ ಜೀವಿಗಳು ತೇಲುವ ಜೀವಿಗಳಿಗಿಂತ ಕೆಲವು ಸಂದರ್ಭಗಳಲ್ಲಿ ಸಾವಿರ ಪಟ್ಟಿನವರೆಗೂ ಹೆಚ್ಚಾಗಿ ಔಷಧವನ್ನು ಸಹಿಸಬಲ್ಲುವೆಂದು ಈಗ ತಿಳಿದುಬಂದಿರುತ್ತದೆ.

ದನಗಳನ್ನು ಸಾಕುವವರಿಗೆ ಇದರ ಕಷ್ಟವು ಅನುಭವಕ್ಕೆ ಬಂದೇ ಇದೆ. ಕೆಚ್ಚಲು ಬಾವಿಗೆ ಕಾರಣವಾದ ಜೀವಿಗಳಲ್ಲಿ ಸ್ಟೆಫಿಲೊಕಾಕಸ್ ಆರಿಯಸ್ ಎಂಬುದು ಮುಖ್ಯವಾದುದು. ಇದು ಕೆಚ್ಚಲಿನೊಳಗೆ ಪೊರೆ ಕಟ್ಟಿಕೊಂಡು ಅಡಗಬಲ್ಲುದು. ಇಂಜೆಕ್ಷನ್ ಕೊಟ್ಟ ನಾಲ್ಕು ದಿನ ಬಾವು ಇಳಿದಂತೆ ಕಂಡು, ತಿಂಗಳೊಳಗೆ ಮತ್ತೆ ಕಾಣಿಸಿಕೊಳ್ಳುವುದಕ್ಕೆ ಇದೂ ಒಂದು ಕಾರಣ. ಗುಣವಾಗಲಿಲ್ಲವೆಂದು ವೈದ್ಯರ ಸಲಹೆಯಿಲ್ಲದೆ ಮೇಲಿಂದ ಮೇಲೆ ಔಷಧವನ್ನು ಕೊಡುತ್ತಹೋದರೆ, ಔಷಧಕ್ಕೆ ಒಗ್ಗಿಹೋದ ಜೀವಿಗಳೇ ಬದುಕಿ ಹೆಚ್ಚುವುವು. ಕಡೆಗೆ ದನಕ್ಕೂ ಮನುಷ್ಯನಿಗೂ ಆ ಔಷಧವು ನಿಷ್ಫಲವಾಗುವುದು. ಆದ್ದರಿಂದ ಜೀವಿಗಳು ನೆಲೆಯೂರಿದ ಮೇಲೆ ಕೊಲ್ಲಲು ಯತ್ನಿಸುವುದಕ್ಕಿಂತ, ನೆಲೆಯೂರದಂತೆ ಮಾಡುವುದೇ ಮೇಲಾದ ಮಾರ್ಗ. ತರುಣ ಸಂಶೋಧಕರು ಹಿಡಿದಿರುವುದು ಈ ಮಾರ್ಗವನ್ನೇ.

ಮಲೆನಾಡು ಹಿಂದೆಯೇ ಕಂಡ ಪಾಠ

ಮೇಲ್ಮೈಯನ್ನು ಕಾಯ್ದರೆ ಒಳಗಿನದು ಉಳಿಯುತ್ತದೆಂಬ ತತ್ವವು ಮಲೆನಾಡಿನ ತೋಟಗಾರರಿಗೆ ಹೊಸದಲ್ಲ. 1908ರಲ್ಲಿ ಲೆಸ್ಲಿ ಕೋಲ್ಮನ್ ಎಂಬ ಕೆನಡಾ ದೇಶದ ತರುಣ ವಿಜ್ಞಾನಿಯು ಮೈಸೂರು ಸಂಸ್ಥಾನದ ಸೇವೆಗೆ ಬಂದಾಗ ಅವರಿಗೆ ವಯಸ್ಸು ಸುಮಾರು 30. ಆ ಕಾಲದಲ್ಲಿ ಅಡಿಕೆ ತೋಟಗಳನ್ನು ಕೊಳೆರೋಗವು ಹಾಳುಮಾಡುತ್ತಿತ್ತು. ರೈತರು ಮಳೆಯ ನೀರು ತಗಲದಂತೆ ಗೊನೆಗಳಿಗೆ ಕೊಟ್ಟೆ ಕಟ್ಟಿ ಕಾಪಾಡುತ್ತಿದ್ದರು. ಕೋಲ್ಮನ್ನರು ರೋಗದ ಮೂಲವನ್ನು ಶೋಧಿಸಿ, ಅದು ಫೈಟಾಫ್ತೊರಾ ಎಂಬ ಜಾತಿಯ ಜೀವಿಯಿಂದ ಉಂಟಾಗುವುದೆಂದೂ, ಅದರ ಬೀಜಕಣಗಳು ಕಾಯಿಯ ಮೇಲಿನ ತೇವದಲ್ಲಿ ಈಜಿಬಂದು ಮೊಳೆತು ಒಳಹೊಗುವುವೆಂದೂ ತಿಳಿದು, ತಮ್ಮ ವರದಿಯನ್ನು 1910ರಲ್ಲಿ ಪ್ರಕಟಿಸಿದರು. ಮೈಲುತುತ್ತ ಮತ್ತು ಸುಣ್ಣವನ್ನು ಕೂಡಿಸಿದ ಬೋರ್ಡೋ ದ್ರಾವಣವನ್ನು ಮಳೆಗೆ ಮುಂಚೆ ಗೊನೆಗಳಿಗೆ ಸಿಂಪಡಿಸುವ ಕ್ರಮವು ಅವರ ಕಾಲದಲ್ಲಿ ಮಲೆನಾಡಿಗೆ ಪರಿಚಯವಾಯಿತು.

ಈ ದ್ರಾವಣದ ಕಥೆಯೂ ಸ್ವಾರಸ್ಯವಾದುದು. ಫ್ರಾನ್ಸ್ ದೇಶದ ಬೋರ್ಡೋ ಪ್ರಾಂತದಲ್ಲಿ ದಾರಿಹೋಕರು ದ್ರಾಕ್ಷಿಯನ್ನು ಕದಿಯದಿರಲೆಂದು ರಸ್ತೆಬದಿಯ ಬಳ್ಳಿಗಳಿಗೆ ತಾಮ್ರ ಸುಣ್ಣಗಳ ನೀಲಿಬಣ್ಣವನ್ನು ಎರಚುತ್ತಿದ್ದರು. 1882ರಲ್ಲಿ ಮಿಯಾರ್ದೆ ಎಂಬ ಸಸ್ಯಶಾಸ್ತ್ರಜ್ಞರು ಆ ಬಳ್ಳಿಗಳು ಮಾತ್ರ ರೋಗವಿಲ್ಲದೆ ಎಲೆ ಹೊತ್ತು ನಿಂತಿರುವುದನ್ನು ಕಂಡು, ಪ್ರಯೋಗ ನಡೆಸಿ, 1885ರಲ್ಲಿ ಅದನ್ನು ಲೋಕಕ್ಕೆ ತಿಳಿಸಿದರು. ಎಲೆಯ ಮೇಲೆ ಒಣಗಿ ಕುಳಿತ ತಾಮ್ರದ ತೆಳುಪದರವೇ ಅಲ್ಲಿ ರಕ್ಷಣೆ. ರೋಗವು ಒಳಹೊಕ್ಕ ಮೇಲೆ ಸಿಂಪಡಿಸಿದರೆ ಆ ಕಾಯಿಗೆ ಪ್ರಯೋಜನವಿಲ್ಲ. ಕಾಫಿಯ ಎಲೆತುಕ್ಕು ರೋಗಕ್ಕೂ ಕೊಳೆರೋಗಕ್ಕೂ ಬೋರ್ಡೋ ದ್ರಾವಣವನ್ನು ಉಪಯೋಗಿಸುವ ಬಿಕ್ಕೋಡಿನ ತೋಟಗಾರರು ಈ ನಿಯಮವನ್ನು ಚೆನ್ನಾಗಿ ಬಲ್ಲರು. ಎಲೆಗೆ ಸಲ್ಲುವ ಈ ನಿಯಮವೇ ಪಾತ್ರೆಗೂ ಸಲ್ಲುತ್ತದೆ.

ತಾಮ್ರದ ಬಿಂದಿಗೆಯ ಪರೀಕ್ಷೆ

ತಾಮ್ರದ ಬಿಂದಿಗೆಯಲ್ಲಿ ರಾತ್ರಿ ನೀರು ತುಂಬಿಟ್ಟು ಬೆಳಗ್ಗೆ ಕುಡಿಯುವುದು ಹಿರಿಯರ ಪದ್ಧತಿ. ಇದರಲ್ಲಿ ಸತ್ಯವೆಷ್ಟೆಂಬುದನ್ನು ಬೆಂಗಳೂರಿನ ಸಂಶೋಧಕಿ ಪದ್ಮಾ ವೆಂಕಟಸುಬ್ರಮಣಿಯನ್ ಮತ್ತು ಅವರ ಜೊತೆಗಾರರು ಪರೀಕ್ಷಿಸಿ, ಫಲಿತಾಂಶವನ್ನು 2012ರಲ್ಲಿ ಪ್ರಕಟಿಸಿದರು. ಕಾಲರಾ, ವಿಷಮಶೀತ ಜ್ವರ, ಆಮಶಂಕೆ, ಅತಿಸಾರ ಇವುಗಳನ್ನು ಉಂಟುಮಾಡುವ ಬ್ಯಾಕ್ಟೀರಿಯಾಗಳನ್ನು ಬೇಕೆಂದೇ ನೀರಿಗೆ ಬೆರೆಸಿ, ಆ ನೀರನ್ನು ತಾಮ್ರದ ಪಾತ್ರೆಗಳಲ್ಲಿ 16 ಗಂಟೆಗಳ ಕಾಲ ಇರಿಸಲಾಯಿತು. ಆಮೇಲೆ ನೋಡಿದಾಗ ಬೆಳೆಯಬಲ್ಲ ಜೀವಿ ಒಂದೂ ದೊರೆಯಲಿಲ್ಲ. ನೀರಿಗೆ ಇಳಿದಿದ್ದ ತಾಮ್ರವು ಲೀಟರಿಗೆ ಸುಮಾರು 0.18 ಮಿಲಿಗ್ರಾಂ ಮಾತ್ರ. ವಿಶ್ವ ಆರೋಗ್ಯ ಸಂಸ್ಥೆಯು ವಿಧಿಸಿರುವ ಮಿತಿ ಲೀಟರಿಗೆ 2 ಮಿಲಿಗ್ರಾಂ.

ಆದರೆ ಇದರಲ್ಲಿ ಮೂರು ಎಚ್ಚರಿಕೆಗಳಿವೆ. ಒಂದನೆಯದು, ತಾಮ್ರದ ಮೈ ನೀರಿಗೆ ನೇರವಾಗಿ ತಗಲಬೇಕು. ಒಳಗೆ ಲೋಳೆಯೋ ಸುಣ್ಣದ ಗಸಿಯೋ ಕಟ್ಟಿಕೊಂಡಿದ್ದರೆ ಪಾತ್ರೆಯು ಹೆಸರಿಗೆ ಮಾತ್ರ ತಾಮ್ರ. ಕಲಾಯಿ ಹಾಕಿದ ಪಾತ್ರೆಗೂ ಈ ಗುಣವಿರುವುದಿಲ್ಲ. ಎರಡನೆಯದು, ಮಜ್ಜಿಗೆ, ಹುಣಿಸೆಯ ಸಾರು, ನಿಂಬೆಯ ಪಾನಕ ಮೊದಲಾದ ಹುಳಿಯಾದ ಪದಾರ್ಥಗಳನ್ನು ಕಲಾಯಿಯಿಲ್ಲದ ತಾಮ್ರದಲ್ಲಿ ಇಡಲೇಬಾರದು. ತಾಮ್ರವು ಕರಗಿ ವಾಂತಿ, ಹೊಟ್ಟೆನೋವು ಉಂಟಾಗುವುವು. ಮೂರನೆಯದು, ಈ ಪರೀಕ್ಷೆಯು ಮನೆಯ ಬಿಂದಿಗೆಗೆ ಸಂಬಂಧಿಸಿದುದೇ ಹೊರತು ಊರಿನ ಟ್ಯಾಂಕಿಗೆ ಸಂಬಂಧಿಸಿದುದಲ್ಲ. ಊರಿನ ನೀರಿಗೆ ಕ್ಲೋರೀನನ್ನು ಹಾಕುವುದನ್ನು ಇದರಿಂದ ಬಿಡಬಾರದು.

ಜೀರುಂಡೆಯ ರೆಕ್ಕೆಯಿಂದ ಕಲಿತ ವಿದ್ಯೆ

ತಾಮ್ರವು ತನ್ನ ಅಂಶವನ್ನು ನೀರಿಗೆ ಬಿಟ್ಟು ಜೀವಿಗಳನ್ನು ಕೊಲ್ಲುವುದು. ಯಾವ ಅಂಶವನ್ನೂ ಬಿಡದೆ, ಬರಿಯ ಆಕಾರದಿಂದಲೇ ಕೊಲ್ಲುವ ಮೇಲ್ಮೈಯು ಇರಬಹುದೇ ಎಂಬ ಪ್ರಶ್ನೆಗೆ ಉತ್ತರವು ಒಂದು ಕೀಟದಿಂದ ದೊರೆಯಿತು. ಕಾಡಿನಲ್ಲಿ ಕಿವಿಗಡಚಿಕ್ಕುವಂತೆ ಕೂಗುವ ಜೀರುಂಡೆಯನ್ನು ಕೇಳದವರಿಲ್ಲ. 2012ರಲ್ಲಿ ಆಸ್ಟ್ರೇಲಿಯಾ ದೇಶದಲ್ಲಿ ಎಲೆನಾ ಇವನೋವಾ ಮತ್ತು ಅವರ ಸಂಗಡಿಗರು ಅಲ್ಲಿನ ಒಂದು ಜಾತಿಯ ಜೀರುಂಡೆಯ ರೆಕ್ಕೆಯ ಮೇಲೆ ಕಣ್ಣಿಗೆ ಕಾಣದ ಅಸಂಖ್ಯಾತ ಮೊಳೆಗಳಂಥ ಉಬ್ಬುಗಳಿರುವುದನ್ನೂ, ಅದರ ಮೇಲೆ ಕುಳಿತ ಬ್ಯಾಕ್ಟೀರಿಯಾಗಳ ಹೊದಿಕೆಯು ಹಿಗ್ಗಿ ಹರಿದು ಅವು ಸಾಯುವುದನ್ನೂ ತೋರಿಸಿಕೊಟ್ಟರು. ಅವರ ಬಳಿ ಆಗ ವ್ಯಾಸಂಗಮಾಡುತ್ತಿದ್ದವರಲ್ಲಿ ಜಾಫರ್ ಹಸನ್ ಎಂಬ ತರುಣರೂ ಒಬ್ಬರು.

ಮುಂದೆ ಅದೇ ಜಾಫರ್ ಹಸನ್ನರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಶುಭಂ ಜೈನ್ ಮತ್ತು ಕೌಶಿಕ್ ಚಟರ್ಜಿ ಇವರೊಡನೆ ಸೇರಿ, ಮುರಿದ ಮೂಳೆಗಳನ್ನು ಜೋಡಿಸಲು ಉಪಯೋಗಿಸುವ ಟೈಟೇನಿಯಂ ಲೋಹದ ಮೇಲೆ ಅಂಥ ಸೂಕ್ಷ್ಮ ಮೊಳೆಗಳನ್ನು ಕೆತ್ತಿದರು. ಲೋಹವು ಕಪ್ಪಾಗಿ ಕಾಣತೊಡಗಿತು. 2017ರಲ್ಲಿ ಪ್ರಕಟವಾದ ಅವರ ಫಲಿತಾಂಶದಂತೆ, ಅಂಟಿಕೊಂಡ ಜೀವಿಗಳಲ್ಲಿ ಈ. ಕೋಲೈ ಜಾತಿಯವು ನೂರಕ್ಕೆ ಸುಮಾರು 95ರಷ್ಟೂ, ಸ್ಯೂಡೊಮೊನಾಸ್ ಜಾತಿಯವು ಸುಮಾರು 98ರಷ್ಟೂ ಸತ್ತುವು. ಆದರೆ ಕೆಚ್ಚಲು ಬಾವಿನ ವಿಷಯದಲ್ಲಿ ಮೇಲೆ ಹೇಳಿದ ಸ್ಟೆಫಿಲೊಕಾಕಸ್ ಆರಿಯಸ್ ಮೊದಲು ನೂರಕ್ಕೆ ಸುಮಾರು 22ರಷ್ಟು ಮಾತ್ರ ಸತ್ತು, 24 ಗಂಟೆಗಳವರೆಗೆ ಬಿಟ್ಟಾಗ ಈ ಪ್ರಮಾಣವು ಸುಮಾರು 76ಕ್ಕೆ ಏರಿತು. ಆ ಜೀವಿಯ ಹೊರಗೋಡೆಯು ದಪ್ಪವಾಗಿರುವುದರಿಂದ ಅದನ್ನು ಚುಚ್ಚಿ ಹರಿಯುವುದು ಕಷ್ಟ. ಗೆದ್ದುದನ್ನೂ ಸೋತುದನ್ನೂ ಒಂದೇ ಪುಟದಲ್ಲಿ ಬರೆದಿಡುವ ಈ ಪ್ರಾಮಾಣಿಕತೆಯೇ ಶಾಸ್ತ್ರದ ಬಲ.

ಬೆಂಗಳೂರಿನ ಹೊರವಲಯದ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನ ಕೇಂದ್ರದಲ್ಲಿ ಜಯಂತ ಹಾಲ್ದಾರರೂ ಅವರ ಶಿಷ್ಯರೂ ಬೇರೊಂದು ಉಪಾಯವನ್ನು ಹಿಡಿದಿದ್ದಾರೆ. ಬಟ್ಟೆ, ಪ್ಲಾಸ್ಟಿಕ್ಕು ಮುಂತಾದುವುಗಳಿಗೆ ಬಳಿದು ನೇರಳಾತೀತ ಬೆಳಕು ಹಾಯಿಸಿದರೆ ಬಿಡದಂತೆ ಹಿಡಿದುಕೊಳ್ಳುವ ಲೇಪವೊಂದನ್ನು ಅವರು 2020ರಲ್ಲಿ ಪ್ರಕಟಪಡಿಸಿದರು. ಅದು ಔಷಧಕ್ಕೆ ಬಗ್ಗದ ಬ್ಯಾಕ್ಟೀರಿಯಾಗಳನ್ನೂ, ಬೂಷ್ಟುಗಳನ್ನೂ, ಇನ್‌ಫ್ಲುಯೆಂಜಾ ವೈರಸ್ಸನ್ನೂ ಮುಟ್ಟಿದ ಮಾತ್ರಕ್ಕೆ ನಾಶಪಡಿಸುವುದು.

ಪ್ರಯೋಗಶಾಲೆಗೂ ಕೊಟ್ಟಿಗೆಗೂ ಇರುವ ದೂರ

ಹೀಗಿರುವಲ್ಲಿ, ಇಂಥ ಲೋಹದ ಹಾಲಿನ ಕ್ಯಾನುಗಳು ನಾಳೆಯೇ ಸಂತೆಗೆ ಬರುವುವೆಂದು ಯಾರೂ ಎಣಿಸಬಾರದು. ಪ್ರಯೋಗಶಾಲೆಯಲ್ಲಿ ಜೀವಿಗಳು ಶುದ್ಧವಾದ ದ್ರಾವಣದಲ್ಲಿರುತ್ತವೆ. ಕೊಟ್ಟಿಗೆಯಲ್ಲಿಯಾದರೋ ಹಾಲಿನ ಕೊಬ್ಬು, ಸಗಣಿಯ ಧೂಳು, ಗಡಸು ನೀರು ಎಲ್ಲವೂ ಕೂಡಿರುತ್ತವೆ. ಮೇಲಾಗಿ ಮುಟ್ಟಿ ಕೊಲ್ಲುವ ಮೇಲ್ಮೈಗಳಿಗೆಲ್ಲ ಒಂದು ಸಾಮಾನ್ಯವಾದ ದೌರ್ಬಲ್ಯವುಂಟು: ಸತ್ತ ಜೀವಿಗಳ ಶವಗಳೂ ಕೊಳೆಯೂ ಸೂಕ್ಷ್ಮ ಮೊಳೆಗಳ ಮೇಲೆ ಹಾಸಿಕೊಂಡರೆ, ಆಮೇಲೆ ಬಂದ ಜೀವಿಗಳು ಆ ಹಾಸಿನ ಮೇಲೆ ನೆಮ್ಮದಿಯಾಗಿ ಕುಳಿತುಕೊಳ್ಳುವುವು. ಆದುದರಿಂದ ಎಂಥ ಜಾಣ್ಮೆಯ ಮೇಲ್ಮೈಯಾದರೂ ಅದನ್ನು ತೊಳೆಯಲೇಬೇಕು.

ಈ ದೂರವನ್ನು ಕಡಿಮೆಮಾಡುವುದರಲ್ಲಿ ಗ್ರಾಮಗಳಿಗೂ ಪಾಲಿದೆ. ಡಾಕ್ಟರೇಟ್ ಪದವಿಗಾಗಿ ದುಡಿಯುವ ತರುಣ ತರುಣಿಯರಿಗೆ ದೊರೆಯುವ ಸಂಶೋಧನ ವೇತನವು ಸಾಮಾನ್ಯವಾಗಿ 5 ವರ್ಷಗಳಿಗೆ ಮಾತ್ರ. ಅಷ್ಟರೊಳಗೆ ಅವರು ಪ್ರಶ್ನೆಯನ್ನು ಆರಿಸಿ, ನೂರು ಸಲ ಕೈಸೋತು, ಫಲವನ್ನು ಕಾಣಬೇಕು. ಹಾಸನದಲ್ಲಿ ಕೃಷಿ ಕಾಲೇಜೂ ಪಶುವೈದ್ಯ ಕಾಲೇಜೂ ಇವೆ. ಅಲ್ಲಿಂದ ವಿದ್ಯಾರ್ಥಿಗಳು ಹಾಲಿನ ಅಥವಾ ನೀರಿನ ಮಾದರಿಯನ್ನು ಕೇಳಿಕೊಂಡು ಬಂದಾಗ, ತಪ್ಪು ಹುಡುಕಲು ಬಂದ ಅಧಿಕಾರಿಗಳೆಂದು ಭಾವಿಸಿ ತೊಳೆದ ಪಾತ್ರೆಯನ್ನು ಮಾತ್ರ ಮುಂದಿಡುವುದು ಸಲ್ಲದು. ಪ್ರತಿದಿನ ಉಪಯೋಗಿಸುವ ಪಾತ್ರೆಯಿಂದಲೇ ಮಾದರಿಯನ್ನು ಕೊಡಿಸಿ, ಯಾವ ಹಸುವಿಗೆ ಯಾವ ಔಷಧವನ್ನು ಎಷ್ಟು ಸಲ ಕೊಟ್ಟಿತೆಂಬುದನ್ನು ಮರೆಮಾಚದೆ ಹೇಳಿದರೆ ಅದೇ ದೊಡ್ಡ ಸಹಾಯ. ಸುಳ್ಳು ಮಾದರಿಯಿಂದ ಹೊರಟ ಶಾಸ್ತ್ರವು ಊರಿಗೆ ಹಿಂದಿರುಗಿ ಬರುವಾಗಲೂ ಸುಳ್ಳಾಗಿಯೇ ಬರುವುದು.

ಗ್ರಾಮಗಳಲ್ಲಿ ಕೈಗೊಳ್ಳತಕ್ಕ ಕ್ರಮಗಳು

(1) ಹಾಲಿನ ಪಾತ್ರೆಗಳನ್ನು ಬರಿದಾದೊಡನೆ ತಣ್ಣೀರಿನಿಂದ ಜಾಲಿಸತಕ್ಕದ್ದು. ಮೊದಲೇ ಕುದಿನೀರು ಹಾಕಿದರೆ ಹಾಲಿನ ಅಂಶವು ಗಟ್ಟಿಯಾಗಿ ಅಂಟಿಕೊಳ್ಳುವುದು. ಅನಂತರ ಬಿಸಿನೀರು ಮತ್ತು ಸೋಡಾಪುಡಿಯಿಂದ ಬ್ರಷ್ಷು ಹಿಡಿದು ಉಜ್ಜಿ, ಚೆನ್ನಾಗಿ ತೊಳೆದು, ಕಡೆಯಲ್ಲಿ ಕುದಿಯುವ ನೀರನ್ನು ಸುರಿದು, ಬೋರಲು ಹಾಕಿ ಬಿಸಿಲಿನಲ್ಲಿ ಒಣಗಿಸತಕ್ಕದ್ದು. ಉಜ್ಜುವುದು ಮೊದಲು, ಕೊಲ್ಲುವುದು ಆಮೇಲೆ. ಈ ಕ್ರಮವು ತಿರುವುಮುರುವಾದರೆ ಶ್ರಮವು ವ್ಯರ್ಥ.

(2) ಮುಚ್ಚಳದ ರಬ್ಬರು ಬಳೆಯನ್ನು ಕಳಚಿ ಬೇರೆಯಾಗಿ ತೊಳೆಯತಕ್ಕದ್ದು. ಬಿರುಕುಬಿಟ್ಟ ರಬ್ಬರನ್ನೂ, ಒಳಗೆ ಗೀರುಬಿದ್ದ ಪ್ಲಾಸ್ಟಿಕ್ ಪಾತ್ರೆಯನ್ನೂ ಬದಲಾಯಿಸತಕ್ಕದ್ದು. ಅಂಥ ಬಿರುಕುಗಳೇ ಲೋಳೆಗೆ ತವರುಮನೆ.

(3) ನೀರಿನ ಟ್ಯಾಂಕನ್ನೂ ದನಗಳ ತೊಟ್ಟಿಯನ್ನೂ ಬರಿದುಮಾಡಿ ಗೋಡೆಯನ್ನು ಉಜ್ಜಿದ ಮೇಲೆಯೇ ಔಷಧವನ್ನು ಹಾಕತಕ್ಕದ್ದು. ಕುಡಿಯುವ ನೀರಿಗೆ 1,000 ಲೀಟರಿಗೆ 2.5 ಗ್ರಾಂ ಪ್ರಮಾಣದಲ್ಲಿ ಒಳ್ಳೆಯ ಬ್ಲೀಚಿಂಗ್ ಪೌಡರನ್ನು ಕಲಸಿ, ತಿಳಿಯನ್ನು ಮಾತ್ರ ಬೆರೆಸಿ, ಒಂದು ಗಂಟೆಯ ತರುವಾಯ ಉಪಯೋಗಿಸಬಹುದು. ಗೋಡೆಯಲ್ಲಿ ಲೋಳೆಯಿದ್ದರೆ ಕ್ಲೋರೀನು ಅದರೊಡನೆ ಸೆಣಸುವುದರಲ್ಲೇ ತೀರಿಹೋಗಿ ನೀರಿಗೆ ಉಳಿಯದು.

(4) ಹನಿ ನೀರಾವರಿಯ ಕೊಳವೆಗಳ ತುದಿಯನ್ನು ಆಗಾಗ್ಗೆ ಬಿಚ್ಚಿ ನೀರನ್ನು ರಭಸವಾಗಿ ಹರಿಯಬಿಡತಕ್ಕದ್ದು. ಕಬ್ಬಿಣದಂಶವುಳ್ಳ ಕೊಳವೆಬಾವಿಯ ನೀರಿನಲ್ಲಿ ಕೆಂಪು ಲೋಳೆ ಬೇಗ ಕಟ್ಟುವುದು.

(5) ಹಾಲು ಕರೆಯುವ ಮುನ್ನ ಕೈಯನ್ನೂ ಕೆಚ್ಚಲನ್ನೂ ತೊಳೆದು ಒರಸತಕ್ಕದ್ದು. ಬಾವಿರುವ ಹಸುವನ್ನು ಕಡೆಯಲ್ಲಿ ಕರೆಯತಕ್ಕದ್ದು. ಔಷಧವನ್ನು ಪಶುವೈದ್ಯರು ಹೇಳಿದಷ್ಟು ದಿನ, ಹೇಳಿದಷ್ಟೇ ಪ್ರಮಾಣದಲ್ಲಿ ಕೊಟ್ಟು, ಅವರು ಗೊತ್ತುಮಾಡಿದ ಅವಧಿ ಮುಗಿಯುವವರೆಗೆ ಆ ಹಾಲನ್ನು ಸಂಘಕ್ಕೆ ಹಾಕಬಾರದು.

ಈ ಕೆಲಸಗಳೆಲ್ಲ ಬಹುಮಟ್ಟಿಗೆ ಮನೆಯ ಹೆಣ್ಣುಮಕ್ಕಳ ಕೈಯಲ್ಲಿರುವುವು. ಮಳೆಗಾಲದ ಬೆಳಗಿನ ಜಾವದಲ್ಲಿ ಬಿಸಿನೀರಿಗೆ ಸೌದೆಯಿಲ್ಲದೆ, ಬ್ರಷ್ಷಿಲ್ಲದೆ, ಪಾತ್ರೆಯನ್ನು ಬೋರಲು ಹಾಕಲು ಒಂದು ಅಟ್ಟಣೆಯೂ ಇಲ್ಲದೆ ಅವರನ್ನು ಮಾತ್ರ ದೂರುವುದು ನ್ಯಾಯವಲ್ಲ. ಒಣಗಿದ ಸೌದೆ, ಎರಡು ಬ್ರಷ್ಷು, ಬಿದಿರಿನದೊಂದು ಅಟ್ಟಣೆ, ಇವನ್ನು ಒದಗಿಸಿಕೊಡುವುದು ಯಜಮಾನನ ಹೊಣೆ. ಊರಿನ ಟ್ಯಾಂಕನ್ನು ತೊಳೆಯಿಸುವ ದಿನವನ್ನು ಗೊತ್ತುಮಾಡಿ ಅದನ್ನು ನಡೆಸಿಕೊಡುವುದು ಗ್ರಾಮ ಮುಖಂಡರ ಹೊಣೆ. ಈ ವರ್ಷದ ಮುಂಗಾರಿಗೆ ಮುಂಚೆ ಕಾಫಿ ಗಿಡಗಳಿಗೆ ಬೋರ್ಡೋ ದ್ರಾವಣವನ್ನು ಸಿದ್ಧಪಡಿಸುವ ವಾರದಲ್ಲಿಯೇ ತೊಟ್ಟಿ, ಟ್ಯಾಂಕು, ಕ್ಯಾನುಗಳ ಕೆಲಸವನ್ನೂ ಮುಗಿಸಿಕೊಂಡರೆ, ಎರಡು ಬಗೆಯ ರೋಗಗಳಿಗೂ ಏಕಕಾಲದಲ್ಲಿ ಬಾಗಿಲು ಹಾಕಿದಂತಾಗುವುದು.